ಹೋಗುವ ನೀರು, ಮರಳುವ ನೀರು

ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯಲ್ಲಿ ‘ಜೀವನಾಡಿ’ ಎಂಬ ಪದ ಬಹಳ ಧಾರಾಳವಾಗಿ ಖರ್ಚಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ರೈತರ ಜೀವನಾಡಿ. ಹುಬ್ಬಳ್ಳಿಯಿಂದ ಕೊಪ್ಪಳ, ಬಳ್ಳಾರಿ ಹಾದು ಗುಂತಕಲ್ಲಿಗೆ ಹೋಗುವ ರೈಲುಮಾರ್ಗ ವ್ಯಾಪಾರಸ್ಥರ ಜೀವನಾಡಿ. ಕುಷ್ಟಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50 ಲಾರಿ ಮಾಲೀಕರ ಜೀವನಾಡಿ. ಇವು ಯಾವುವೂ ಇಲ್ಲದ ಊರಿನಲ್ಲಿ ಸಹಕಾರಿ ಸಂಘವೋ ವಾರದ ಸಂತೆಯೋ ಆ ಸ್ಥಾನವನ್ನು ತುಂಬುತ್ತದೆ. ವೇದಿಕೆ ಏರಿದವರು ಸ್ವಾಗತ ಮುಗಿಸಿ ವಿಷಯಕ್ಕೆ ಬರುವುದರೊಳಗೆ ಏನನ್ನಾದರೂ ಒಂದನ್ನು ಜೀವನಾಡಿ ಎಂದು ಕರೆದೇ ತೀರುತ್ತಾರೆ, ಕೇಳುವವರು ಚಪ್ಪಾಳೆ ತಟ್ಟಿಯೇ ತೀರುತ್ತಾರೆ. ದೇಹದೊಳಗಿನ ನಿಜವಾದ ನಾಡಿ ಮಾಡುವ ಕೆಲಸವನ್ನು ಒಮ್ಮೆ ವಿಚಾರಿಸಿದರೆ ಈ ಬಿರುದು ಎಷ್ಟು ಮಂದಿಯ ಬಳಿ ಉಳಿದೀತು ಎಂಬುದು ನನ್ನ ಬಹುದಿನದ ಕುತೂಹಲ.

ಶಾಲೆಯ ವಿಜ್ಞಾನ ಪುಸ್ತಕ ಈ ವಿಷಯದಲ್ಲಿ ಕಟ್ಟುನಿಟ್ಟು. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳ ಅಪಧಮನಿ, ಹೃದಯಕ್ಕೆ ಮರಳಿ ತರುವ ನಾಳ ಅಭಿಧಮನಿ. ಹೆಸರುಗಳು ಅವಳಿಮಕ್ಕಳಂತೆ ಇರುವುದರಿಂದ ಪರೀಕ್ಷೆಯ ಹಾಳೆಯಲ್ಲಿ ಅವು ಅದಲುಬದಲಾಗುವುದು ಸಹಜ. ಊರಿನ ಮಾತಿನಲ್ಲಂತೂ ಎರಡೂ ‘ನರ’ವೇ. ಸಲೈನ್ ಏರಿಸಲು ಬಂದ ಸಿಸ್ಟರ್ ಮೊಣಕೈಯ ಒಳಮಗ್ಗುಲನ್ನು ತಟ್ಟಿ ತಟ್ಟಿ ನೋಡಿ, “ನರಾನ ಸಿಗವಲ್ದಲ್ರಿ ಯಜ್ಜ” ಎಂದು ಹೇಳುವಾಗ ಅವರು ಹುಡುಕುತ್ತಿರುವುದು ಅಭಿಧಮನಿಯನ್ನು. ಮುಂಗೈಯ ಮೇಲೆ ಹಸಿರಾಗಿ ಉಬ್ಬಿ ಕಾಣುವುದೂ ಅದೇ, ರಕ್ತಪರೀಕ್ಷೆಗೆ ಸೂಜಿ ಚುಚ್ಚಿಸಿಕೊಳ್ಳುವುದೂ ಅದೇ. ಅಪಧಮನಿ ಬಹುಮಟ್ಟಿಗೆ ಮಾಂಸದ ಆಳದಲ್ಲಿ ಅಡಗಿರುತ್ತದೆ, ಮಣಿಕಟ್ಟು, ಕುತ್ತಿಗೆಯಂಥ ಕೆಲವು ಕಡೆಗಳಲ್ಲಿ ಮಾತ್ರ ಬೆರಳಿಗೆ ಸಿಗುತ್ತದೆ. ಶುದ್ಧ ರಕ್ತದ ನಾಳ ಅಪಧಮನಿ, ಅಶುದ್ಧದ್ದು ಅಭಿಧಮನಿ ಎಂದು ಬಾಯಿಪಾಠ ಮಾಡಿದವರೂ ಇದ್ದಾರೆ. ಆದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಾದ ಕಪ್ಪುಗೆಂಪಿನ ರಕ್ತವೇ. ಹಾಗಾಗಿ ನಾಳದೊಳಗೆ ಏನಿದೆ ಎಂಬುದು ಮುಖ್ಯವಲ್ಲ, ಅದು ಯಾವ ಕಡೆಗೆ ಹೊರಟಿದೆ ಎಂಬುದೇ ಮುಖ್ಯ.

ಈ ಒಂದು ಲಕ್ಷಣ ಹಿಡಿದು ನೋಡಿದರೆ ಹೆದ್ದಾರಿ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ, ಏಕೆಂದರೆ ಅದರ ಮೇಲೆ ಹೋಗುವ ಲಾರಿಯಷ್ಟೇ ಬರುವ ಲಾರಿಯೂ ಇದೆ. ರೈಲಿನದೂ ಅದೇ ಕಥೆ. ಬಳ್ಳಾರಿ ಕಡೆಯಿಂದ ಅದಿರು ಹೊತ್ತು ಹೋದ ವ್ಯಾಗನ್ ಖಾಲಿಯಾಗಿ ಮರಳುವುದೂ ಅದೇ ಮಾರ್ಗದಲ್ಲಿ. ತೇರ್ಗಡೆಯಾಗುವುದು ಕಾಲುವೆಯೊಂದೇ. ಅದು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಹರಿಯುತ್ತ ಕವಲೊಡೆಯುತ್ತದೆ, ಕವಲೊಡೆದಷ್ಟೂ ಕಿರಿದಾಗುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲವಿದ್ದು, ಒಡೆದು ಒಡೆದು ಕೊನೆಗೆ ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲುಗಟ್ಟಿ ತೂರಬೇಕಾದಷ್ಟು ಸಣ್ಣ ಲೋಮನಾಳಗಳಾಗುತ್ತದೆ. ಇತ್ತ ಮುಖ್ಯ ಕಾಲುವೆ ಉಪಕಾಲುವೆಯಾಗಿ, ಉಪಕಾಲುವೆ ತೂಬಿನಲ್ಲಿ ಇಳಿದು ಹೊಲಗಾಲುವೆಯಾಗಿ, ಕಡೆಗೆ ಸಲಿಕೆಯಿಂದ ಒಂದು ಹೆಂಟೆ ಸರಿಸಿದರೆ ತಿರುಗುವಷ್ಟು ತೆಳ್ಳಗಿನ ನೀರಾಗಿ ಗದ್ದೆಯೊಳಗೆ ಬೀಳುತ್ತದೆ.

ಎಡದಂಡೆ ಮುಖ್ಯ ಕಾಲುವೆಯ ಉದ್ದ ಸುಮಾರು 226 ಕಿಲೋಮೀಟರ್. ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತ ಕಾಲದ ಲೆಕ್ಕ ಮೈಲಿಯದಾದ್ದರಿಂದ, ದೇಶವೆಲ್ಲ ಕಿಲೋಮೀಟರಿಗೆ ಬದಲಾದ ಮೇಲೂ ಈ ಕಾಲುವೆ ಮಾತ್ರ ಮೈಲು ಬಿಟ್ಟಿಲ್ಲ. 47ನೇ ಮೈಲು, 69ನೇ ಮೈಲು, 104ನೇ ಮೈಲು ಎಂಬುವು ಇಲ್ಲಿ ಊರಿನ ಹೆಸರುಗಳಷ್ಟೇ ಪರಿಚಿತ. ಅಲ್ಲಲ್ಲಿ ನೀರಿನ ಮಟ್ಟ ಅಳೆಯುವ ಅಡಿಪಟ್ಟಿ ಇರುತ್ತದೆ, ಆ ಅಳತೆಗೆ ‘ಗೇಜ್’ ಎನ್ನುತ್ತಾರೆ. ಜುಲೈ ಕಳೆದು ಸಸಿಮಡಿ ಬಲಿತ ದಿನಗಳಲ್ಲಿ ಸಿಂಧನೂರಿನ ಹೋಟೆಲೊಂದರಲ್ಲಿ ಕುಳಿತರೆ ಚಹಾಕ್ಕಿಂತ ಮೊದಲು ಕಿವಿಗೆ ಬೀಳುವುದು ಇದೇ ಮಾತು: “ಅರವತ್ತೊಂಬತ್ತರಾಗ ಗೇಜ್ ಎಷ್ಟೈತಣ್ಣ?” “ನಿನ್ನೆಕಿನ್ನ ಅರ್ಧ ಅಡಿ ಇಳದೈತಪಾ. ಮ್ಯಾಲಿನವ್ರು ಎತ್ತಿಕೊಂಡಾರ.” ರೋಗಿಯ ಮಂಚದ ಸುತ್ತ ನಿಂತ ನೆಂಟರ ಮುಖದಲ್ಲಿ ಕಾಣುವ ಚಿಂತೆಯೇ ಆಗ ಆ ಮೇಜಿನ ಸುತ್ತಲೂ ಕಾಣುತ್ತದೆ.

ನಾಡಿ ಹಿಡಿಯುವ ಹಳೆಯ ವೈದ್ಯರು ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಮಣಿಕಟ್ಟಿನ ಮೇಲಿಟ್ಟು ವಾತ, ಪಿತ್ತ, ಕಫಗಳನ್ನು ಗುರುತಿಸುತ್ತಿದ್ದರು. ವಾತದ ನಾಡಿ ಹಾವಿನಂತೆ, ಪಿತ್ತದ್ದು ಕಪ್ಪೆಯಂತೆ, ಕಫದ್ದು ಹಂಸದಂತೆ ನಡೆಯುತ್ತದೆಂಬುದು ಅವರ ಶಾಸ್ತ್ರ. ಅದರ ಸತ್ಯಾಸತ್ಯ ಏನೇ ಇರಲಿ, ರೋಗಿಯ ಕೈಯನ್ನು ಅಷ್ಟು ಹೊತ್ತು ಹಿಡಿದು ಕೂರುವ ವ್ಯವಧಾನ ಬೆರಳಿಗೆ ಚಿಮಟ ಸಿಕ್ಕಿಸಿ ಅಂಕಿ ಓದುವ ಈಗಿನ ಯಂತ್ರಕ್ಕಿಲ್ಲ ಎಂಬುದನ್ನು ಒಪ್ಪಬೇಕು. ಅಂದಹಾಗೆ ಬೆರಳಿಗೆ ತಾಗುವ ಆ ಮಿಡಿತ ರಕ್ತದ ಓಟವೇ ಅಲ್ಲ. ಹೃದಯ ಒಮ್ಮೆ ಹಿಂಡಿದಾಗ ನಾಳದ ಗೋಡೆಯುದ್ದಕ್ಕೂ ಒಂದು ಅಲೆ ಹೊರಡುತ್ತದೆ, ಅದು ರಕ್ತಕ್ಕಿಂತ ಬಹಳ ವೇಗವಾಗಿ ಓಡಿ ಮಣಿಕಟ್ಟನ್ನು ತಲುಪುತ್ತದೆ. ಅಣೆಕಟ್ಟೆಯ ಬಳಿಯ ಮುನಿರಾಬಾದಿನಲ್ಲಿ ಗೇಟು ಎತ್ತಿದ ಸುದ್ದಿ ಅದೇ ತಾಸಿನಲ್ಲಿ ರಾಯಚೂರು ತಾಲ್ಲೂಕನ್ನು ಮುಟ್ಟುವುದೂ, ನೀರು ಬಂದು ಸೇರಲು ದಿನಗಳೇ ಹಿಡಿಯುವುದೂ ನನಗೆ ಈ ಕಾರಣಕ್ಕೆ ಅಸಹಜವೆನ್ನಿಸುವುದಿಲ್ಲ. ಕೊನೆಭಾಗದ ರೈತ ಕೆಲವು ವರ್ಷ ಆ ಸುದ್ದಿಯಲ್ಲೇ ಹಂಗಾಮು ಕಳೆಯಬೇಕಾಗುತ್ತದೆ ಎಂಬುದು ಬೇರೆ ಮಾತು.

ದೇಹದಲ್ಲಿಯೂ ಮೇಲ್ಭಾಗ, ಕೊನೆಭಾಗ ಎಂಬ ಭೇದವಿದೆ. ಮಹಾಪಧಮನಿ ಹೊರಟ ಜಾಗದಲ್ಲೇ, ಮೊತ್ತಮೊದಲು ಕವಲೊಡೆಯುವುದು ಹೃದಯಕ್ಕೇ ರಕ್ತ ಕೊಡುವ ಎರಡು ಪರಿಧಮನಿಗಳು. ಊರಿಗೆಲ್ಲ ಹಂಚುವವನು ತನ್ನ ತಟ್ಟೆಗೆ ಮೊದಲು ಬಡಿಸಿಕೊಂಡಂತೆ ತೋರಿದರೂ, ಹೃದಯ ನಿಂತರೆ ಹಂಚುವ ಕೆಲಸವೇ ನಿಲ್ಲುವುದರಿಂದ ಯಾರೂ ಆಕ್ಷೇಪಿಸುವಂತಿಲ್ಲ. ಗಾಯವಾಗಿ ರಕ್ತ ಸೋರಿಹೋದಾಗ ದೇಹ ಇನ್ನೂ ನಿಷ್ಠುರವಾಗುತ್ತದೆ. ಚರ್ಮದ, ಕರುಳಿನ ಕಿರುನಾಳಗಳ ಸ್ನಾಯು ಬಿಗಿದುಕೊಂಡು, ಇದ್ದ ರಕ್ತವೆಲ್ಲ ಮಿದುಳಿಗೂ ಹೃದಯಕ್ಕೂ ತಿರುಗುತ್ತದೆ. ಕೈಕಾಲು ತಣ್ಣಗಾಗುವುದು ಆ ಕಾರಣಕ್ಕೆ. ನಮ್ಮಲ್ಲಿ ಈ ನಿರ್ಣಯಗಳಿಗಾಗಿ ನೀರಾವರಿ ಸಲಹಾ ಸಮಿತಿಯ ಸಭೆ ಸೇರುತ್ತದೆ, ಸರದಿಯ ಮೇಲೆ ನೀರು ಹಂಚುವ ವಾರಬಂದಿಯ ಪಟ್ಟಿ ಹೊರಡುತ್ತದೆ. ವ್ಯತ್ಯಾಸವಿಷ್ಟೇ: ಕರುಳು ರಾತ್ರೋರಾತ್ರಿ ಪಂಪ್‌ಸೆಟ್ ಇಳಿಸುವುದಿಲ್ಲ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಗೊತ್ತುಮಾಡಿದ ಅಚ್ಚುಕಟ್ಟಿನಲ್ಲಿ ಭತ್ತ ಹಬ್ಬಿದ ಮೇಲೆ ಯಾವ ಪಟ್ಟಿಯೂ ಕೊನೆಯವರೆಗೆ ನಿಂತಿಲ್ಲ. ಸೋನಾ ಮಸೂರಿ ಉಣ್ಣುವ ನಾವೆಲ್ಲರೂ ಆ ಉಲ್ಲಂಘನೆಯ ಪಾಲುದಾರರೇ ಆದ್ದರಿಂದ ಮೇಲ್ಭಾಗದವರನ್ನಷ್ಟೇ ಬೈಯುವುದು ನನಗೆ ಸರಿಕಾಣದು.

ನಾಳವನ್ನೂ ಕಾಲುವೆಯನ್ನೂ ಜೊತೆಯಲ್ಲಿಟ್ಟು ನೋಡುವ ಚಟ ನನ್ನೊಬ್ಬನದೇ ಅಲ್ಲ. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ದೇಹದ ರಕ್ತನಾಳಗಳನ್ನು ತೋಟಕ್ಕೆ ನೀರುಣಿಸುವ ಕಾಲುವೆಗಳಿಗೆ ಹೋಲಿಸಿದ್ದ. ಅಲ್ಲಿಯ ಹಲವು ವೈದ್ಯರು ಇನ್ನೊಂದು ವಿಚಿತ್ರವನ್ನೂ ನಂಬಿದ್ದರು: ಅಪಧಮನಿಯಲ್ಲಿ ಇರುವುದು ಗಾಳಿ. ಸತ್ತ ಮೇಲೆ ಅಪಧಮನಿಗಳು ಬಹುಪಾಲು ಬರಿದಾಗುವುದರಿಂದ, ಹೆಣವನ್ನು ಸೀಳಿ ನೋಡಿದವರಿಗೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮೇ ತಿಂಗಳಲ್ಲಿ ಮೊದಲ ಬಾರಿಗೆ ನಮ್ಮ ಕಾಲುವೆಯನ್ನು ಕಂಡ ಪರಸ್ಥಳದವರು, ಅದರ ತಳದಲ್ಲಿ ಕುರಿ ಹಿಂಡು ಹಾಯುವುದನ್ನೂ ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡುವುದನ್ನೂ ನೋಡಿ, ಸರ್ಕಾರ ಇಷ್ಟು ಉದ್ದದ ಮೈದಾನವನ್ನು ಏಕೆ ತೋಡಿಸಿತೆಂದು ಕೇಳಿದರೆ ನಗಬಾರದು. ಎರಡನೆಯ ಶತಮಾನದಲ್ಲಿ ವೈದ್ಯ ಗ್ಯಾಲೆನ್ ಜೀವಂತ ಪ್ರಾಣಿಯ ಅಪಧಮನಿಯನ್ನು ಎರಡು ಕಡೆ ಕಟ್ಟಿ, ನಡುವೆ ಕೊಯ್ದು, ಒಳಗಿರುವುದು ರಕ್ತವೇ ಎಂದು ತೋರಿಸಿದ. ಆದರೂ ತೋಟದ ಕಾಲುವೆಯ ಕಲ್ಪನೆ ಅವನನ್ನೂ ಬಿಡಲಿಲ್ಲ. ಪಿತ್ತಜನಕಾಂಗದಲ್ಲಿ ಆಹಾರದಿಂದ ರಕ್ತ ಹುಟ್ಟುತ್ತದೆ, ಹರಿದು ಹೋಗುತ್ತದೆ, ಅಂಗಾಂಗಗಳು ಅದನ್ನು ಹೀರಿ ಮುಗಿಸುತ್ತವೆ ಎಂದೇ ಅವನು ತಿಳಿದಿದ್ದ.

ಈ ನಂಬಿಕೆ ಮುಂದೆ ಸಾವಿರದ ನಾನೂರು ವರ್ಷ ಬಾಳಿತು. ಅದನ್ನು ಮುರಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಾಡಿದ್ದು ಕಿರಾಣಿ ಅಂಗಡಿಯ ಲೆಕ್ಕ. ಹೃದಯ ಒಂದು ಬಡಿತಕ್ಕೆ ಇಷ್ಟು ರಕ್ತ ದಬ್ಬಿದರೂ ಅರ್ಧ ತಾಸಿಗೆ ಆಗುವ ಮೊತ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚು. ಉಂಡ ಅನ್ನದಿಂದ ಅಷ್ಟು ಹುಟ್ಟುವುದು ಸಾಧ್ಯವಿಲ್ಲ. ಆದ್ದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು. ಈಗಿನ ಅಳತೆಯಲ್ಲಿ ಹೇಳುವುದಾದರೆ ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ, ವಿಶ್ರಾಂತಿಯಲ್ಲಿರುವ ಹೃದಯ ನಿಮಿಷವೊಂದಕ್ಕೆ ದಬ್ಬುವುದೂ ಹೆಚ್ಚುಕಡಿಮೆ ಅಷ್ಟೇ. ಹೋಗುವ ನಾಳಕ್ಕೂ ಬರುವ ನಾಳಕ್ಕೂ ನಡುವಣ ಕೊಂಡಿ ಹಾರ್ವೆಯ ಕಣ್ಣಿಗೆ ಬಿದ್ದಿರಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡ ಮೇಲೆ ಆ ಲೆಕ್ಕ ತಾಳೆಯಾಯಿತು.

ನಮ್ಮ ಸೀಮೆಯ ಕಾಲುವೆಯ ಬಗೆಗಿನ ತಿಳಿವಳಿಕೆ ಇನ್ನೂ ಹಾರ್ವೆಗಿಂತ ಹಿಂದಿನ ಕಾಲದ್ದು ಎಂದು ನಾನು ಹೇಳಿದರೆ ಇಂಜಿನಿಯರುಗಳು ಕ್ಷಮಿಸಬೇಕು. ನೀರು ಬಂತೇ, ಎಷ್ಟು ಬಂತು, ಎಲ್ಲಿಯವರೆಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ; ಗದ್ದೆಯಲ್ಲಿ ನಿಂತು, ಬೆಳೆ ಕುಡಿದು ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಸಭೆಯಲ್ಲಿ ಏಳುವುದು ಅಪರೂಪ. ವಿಜಯನಗರ ಕಾಲದ ಕಾಲುವೆಗಳು ಆನೆಗೊಂದಿಯ ಕಡೆ ಹೊಳೆಯ ಮಗ್ಗುಲಲ್ಲೇ ಸಾಗುತ್ತವೆ, ಅಲ್ಲಿ ಬಸಿದ ನೀರಿಗೆ ಹೊಳೆ ದೂರವಿಲ್ಲ. ಎಡದಂಡೆ ಕಾಲುವೆ ಹಾಯುವುದು ಬಹುಮಟ್ಟಿಗೆ ಎರೆಭೂಮಿಯ ನಡುವೆ. ಎರೆ ನೀರನ್ನು ಸುಲಭವಾಗಿ ಬಿಟ್ಟುಕೊಡುವ ಮಣ್ಣಲ್ಲ. ವರ್ಷಕ್ಕೆರಡು ಭತ್ತಕ್ಕೆ ನೀರು ನಿಲ್ಲಿಸಿದಲ್ಲಿ ಅಂತರ್ಜಲ ಮೇಲೇರಿ ಬೇರಿನ ಹತ್ತಿರ ಬರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ತನ್ನೊಳಗಿನ ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಅಭಿಧಮನಿಗಳ ಕೆಲಸ ಸೋತಾಗ ಪಾದ ಬಾತುಕೊಳ್ಳುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಆ ಗುಳಿ ಬೇಗ ತುಂಬುವುದಿಲ್ಲ. ನೆಲ ಬಾತಾಗ ಅದಕ್ಕೆ ಸವಳು ಜವಳು ಎನ್ನುತ್ತಾರೆ.

ಬೇಸಿಗೆಯಲ್ಲಿ ಅಂಥ ಹೊಲವೊಂದರ ಬದುವಿನ ಮೇಲೆ ನಿಂತರೆ ತಗ್ಗಿನ ಮಡಿಯೊಂದು ದೂರದಿಂದ ಸುಣ್ಣ ಚೆಲ್ಲಿದ ಹಾಗೆ ತೋರುತ್ತದೆ. ಹತ್ತಿರ ಹೋಗಿ ಕಾಲಿಟ್ಟರೆ ಮೇಲಿನ ಪದರ ಹಪ್ಪಳದಂತೆ ಪುಡಿಯಾಗುತ್ತದೆ, ಅದರಡಿಯ ಮಣ್ಣು ಇನ್ನೂ ಹಸಿಯಾಗಿಯೇ ಇದ್ದು ಚಪ್ಪಲಿಗೆ ಮೆತ್ತುತ್ತದೆ. ಭತ್ತದ ಕೂಳೆ ಸುತ್ತಲೂ ನಿಂತಿದ್ದರೂ ಆ ಮಡಿಯಲ್ಲಿ ಒಂದು ಬುಡವೂ ಇಲ್ಲ. ಬದಿಯ ಗುಂಡಿಯಲ್ಲಿ ಜಂಬು ಮಾತ್ರ ಆಳೆತ್ತರ ಬೆಳೆದಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಭೂಮಿಯ ಚಿಕಿತ್ಸೆಯ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತ ಬಂದಿದೆ. ತೂತುಗಳಿರುವ ಕೊಳವೆಯನ್ನು ನೆಲದೊಳಗೆ ಹೂತು, ಉಪ್ಪುನೀರನ್ನು ಬಸಿದು ಹೊರಹಾಕುವ ವಿಧಾನ ಅದರಲ್ಲೊಂದು. ಅಂದರೆ ಹೊಲಕ್ಕೆ ಹೊಸದಾಗಿ ಅಭಿಧಮನಿ ಜೋಡಿಸುವುದು.

ಜಲಾಶಯ ತುಂಬಿದರೆ ಬಾಗಿನ ಅರ್ಪಿಸುತ್ತೇವೆ, ಕಾಲುವೆಗೆ ನೀರು ಬಿಟ್ಟರೆ ಪೂಜೆ ಮಾಡುತ್ತೇವೆ, ಬಸಿಗಾಲುವೆಗೆ ಒಂದು ಊದುಬತ್ತಿ ಹಚ್ಚಿದವರಿಲ್ಲ. ಅದರಲ್ಲಿ ಬಳ್ಳಾರಿ ಜಾಲಿ ಬೆಳೆಯುತ್ತದೆ, ಪಕ್ಕದ ಹೊಲದವರು ವರ್ಷಕ್ಕೊಂದು ಸಾಲಿನಷ್ಟು ಅದನ್ನು ಒತ್ತಿಕೊಂಡು ಉಳುತ್ತಾರೆ. ಆದರೂ ಉಳಿದ ನೀರು ಹೇಗೋ ದಾರಿ ಮಾಡಿಕೊಂಡು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ಕೊನೆಭಾಗದಲ್ಲಿ ಕಾಲುವೆಯನ್ನು ನೆಚ್ಚಿ ಕೈಸುಟ್ಟುಕೊಂಡ ಕೆಲವರು ಈಗ ಹಳ್ಳದ ದಂಡೆಗೇ ಎಂಜಿನ್ ಇಟ್ಟು, ಮೇಲ್ಭಾಗದ ಗದ್ದೆಗಳಿಂದ ಬಸಿದು ಬಂದ ನೀರನ್ನೇ ಎತ್ತಿ ಭತ್ತ ಬೆಳೆಯುತ್ತಿದ್ದಾರೆ. ಅವರನ್ನು ಕೇಳಿದರೆ, “ಕಾಲುವಿ ನೀರು ಬಂದ್ರ ಬಂದು, ಇಲ್ಲಂದ್ರ ಇಲ್ಲ. ಹಳ್ಳದ ನೀರಿಗಿ ಯಾರದೂ ಮೀಟಿಂಗ್ ಇಲ್ರಿ” ಎನ್ನುತ್ತಾರೆ.