ಸೋತವರಿಗೆ ಮೊದಲ ಪಂಕ್ತಿ

ಕೊಡಗಿನಲ್ಲಿ ಹಾಕಿ ತಂಡ ಕಟ್ಟುವ ಪದ್ಧತಿ ತೀರಾ ಹಳೇ ಕಾಲದ್ದು. ಯಾವ ಒಕ್ಕದಲ್ಲಿ, ಅಂದರೆ ಕೊಡವ ಮನೆತನದಲ್ಲಿ, ಹುಟ್ಟಿದೆಯೋ ಆ ಒಕ್ಕಕ್ಕೆ ಆಡು, ಮುಗಿಯಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಒಕ್ಕಗಳನ್ನು ಸೇರಿಸಿ ಕೌಟುಂಬಿಕ ಹಾಕಿ ಶುರು ಮಾಡಿದಾಗಿನಿಂದಲೂ ಇದೇ ಪಾಡು. ಗೋಲ್‌ಕೀಪರ್ ಇಲ್ಲವೆಂದರೆ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನನ್ನು ಕರೆಸಿ ಪ್ಯಾಡ್ ಕಟ್ಟಿಸಬೇಕು. ಮೊದಲ ಸುತ್ತಿನಲ್ಲೇ ಸೋತರೆ ಮನೆಗೆ ಹೋಗಿ ಪಂದಿಕರಿ ಉಂಡು ಮಲಗಬೇಕು. ಸೋತದ್ದಕ್ಕೆ ಪರಿಹಾರ ಅಂತ ಒಂದು ಪೈಸೆಯೂ ಇಲ್ಲ.

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್ ಈ ಅನ್ಯಾಯವನ್ನು ಎಂದೋ ಸರಿಪಡಿಸಿದೆ. 2025ರ ನಿಯಮದಂತೆ ಅಲ್ಲಿರುವ 30 ತಂಡಗಳಲ್ಲಿ ಪ್ಲೇಆಫ್ ಎಂಬ ಅಂತಿಮ ಹಣಾಹಣಿ ಮುಟ್ಟದ 14ಕ್ಕೆ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಹಕ್ಕು. (ಹಕ್ಕನ್ನು ಮುಂಚೆಯೇ ಬೇರೆಯವರಿಗೆ ಮಾರಿಕೊಂಡಿದ್ದರೆ ಅದು ಅವರ ಹಣೆಬರಹ.)

ಸರದಿ ಗೊತ್ತುಮಾಡುವ ಲಾಟರಿಯ ಬಗೆ ನಮ್ಮ ಕ್ಲಬ್ಬುಗಳ ಹೌಸಿಯಂತೆಯೇ, ಮಡಿ ಮಾತ್ರ ಹೆಚ್ಚು. 1ರಿಂದ 14ರವರೆಗೆ ಅಂಕಿ ಬರೆದ ಪಿಂಗ್‌ಪಾಂಗ್ ಚೆಂಡುಗಳು ಯಂತ್ರದೊಳಗೆ ಗಿರಗಿರ ಸುತ್ತುತ್ತವೆ. 20 ಸೆಕೆಂಡಿಗೆ ಮೊದಲ ಚೆಂಡು, ಆಮೇಲೆ 10 ಸೆಕೆಂಡಿಗೊಂದರಂತೆ ಇನ್ನು ಮೂರು. ಹೊತ್ತು ನೋಡುವಾತ ಯಂತ್ರಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಬಂದ ಕ್ರಮ ಬಿಟ್ಟರೆ ನಾಲ್ಕು ಅಂಕಿಗಳ ಜೋಡಣೆ 1,001 ಬಗೆ. ಲೆಕ್ಕ ಸಾವಿರಕ್ಕೆ ನಿಲ್ಲಲೆಂದು 11, 12, 13, 14ರ ಜೋಡಣೆಗೆ ಬಹಿಷ್ಕಾರ. ಹಾಳಾದ್ದು ಅದೇ ಬಂದರೆ ಮತ್ತೆ ಎತ್ತಬೇಕು. ಉಳಿದ ಸಾವಿರವನ್ನು ಸೋಲಿನ ಯೋಗ್ಯತೆ ನೋಡಿ ಹಂಚಿರುತ್ತಾರೆ. ಚೆಂಡಿನಿಂದ ತೀರ್ಮಾನವಾಗುವುದು ಮೊದಲ ನಾಲ್ಕು ಸ್ಥಾನ, ಮಿಕ್ಕವು ಸೋಲಿನ ಹಿರಿತನದ ಮೇಲೆ. ಕೋಣೆಗೆ ಬೀಗ, ಮೊಬೈಲು ಹೊರಗೆ, ಲೆಕ್ಕಪರಿಶೋಧಕರು ಒಳಗೆ. ಟಿವಿಯಲ್ಲಿ ಲಕೋಟೆ ಬಿಚ್ಚಿ ಮುಗಿಯುವ ತನಕ ಒಳಗಿದ್ದವರು ಹೊರಬರುವಂತಿಲ್ಲ.

ಇಷ್ಟೊಂದು ಕಟ್ಟುಪಾಡಿಗೆ ಕಾರಣ ಇದೆ. 1985ರ ಮೊದಲ ಲಾಟರಿಯಲ್ಲಿ ಎತ್ತಿದ್ದು ಲಕೋಟೆಗಳನ್ನು. ಗೆದ್ದದ್ದು ನ್ಯೂಯಾರ್ಕ್, ಸಿಕ್ಕಿದ್ದು ಆ ವರ್ಷ ಎಲ್ಲರಿಗೂ ಬೇಕಾಗಿದ್ದ ಹುಡುಗ ಪ್ಯಾಟ್ರಿಕ್ ಯೂಯಿಂಗ್. ಕೈಗೆ ಗುರುತು ಸಿಗಲೆಂದು ನ್ಯೂಯಾರ್ಕಿನ ಲಕೋಟೆಯನ್ನು ಮೊದಲೇ ಫ್ರೀಜರಿನಲ್ಲಿ ಇಟ್ಟಿದ್ದರೆಂಬ ಗುಮಾನಿ ಹುಟ್ಟಿತು. ಆ ಗುಮಾನಿ ಮಾತ್ರ 40 ವರ್ಷವಾದರೂ ತಣ್ಣಗಾಗಿಲ್ಲ.

ಇರಲಿ, ಚೆಂಡಿನ ಪ್ರಾಮಾಣಿಕತೆಗೆ ಕುಂದಿಲ್ಲ. ಚೆಂಡು ಎತ್ತುವ ಮುಂಚೆ ಆಡುವ 82 ಪಂದ್ಯಗಳಿಗೆ ಮಾತ್ರ ಯಾರೂ ಬೀಗ ಹಾಕಿಲ್ಲ. ಆಟಗಾರ ಬೇಕೆಂದೇ ಸೋಲುತ್ತಾನೆಂದು ತಿಳಿಯಬೇಡಿ, ಮುಂದಿನ ಸಂಬಳ ಅವನಿಗೂ ಬೇಕು. ಸೋಲು ತಯಾರಾಗುವುದು ಕಚೇರಿಯಲ್ಲಿ. ಪಳಗಿದವರನ್ನು ಫೆಬ್ರವರಿ ಗಡುವಿನೊಳಗೆ ಮಾರಬೇಕು. ಚೆನ್ನಾಗಿ ಆಡುವವನಿಗೆ ಬೆನ್ನುನೋವು ದಯಪಾಲಿಸಬೇಕು. ಪಂದ್ಯ ಕೈಗೆ ಸಿಗುವಂತಿದ್ದರೆ ಕೊನೆಯ ಕಾಲುಭಾಗಕ್ಕೆ ಮೀಸೆ ಮೂಡದ ಹುಡುಗರನ್ನು ಇಳಿಸಬೇಕು. 2015-16ರಲ್ಲಿ ಫಿಲಡೆಲ್ಫಿಯಾ ಹೀಗೆ 10 ಗೆದ್ದು 72 ಸೋತಿತು. ಅಭಿಮಾನಿಗಳು ಅದಕ್ಕೊಂದು ಘೋಷಣೆ ಕಟ್ಟಿ ಭಜನೆ ಮಾಡಿದರು.

2019ರಲ್ಲಿ ಲೀಗು ಎಚ್ಚೆತ್ತಿತು. ಕಟ್ಟಕಡೆಯ ತಂಡಕ್ಕಿದ್ದ ಶೇ 25ರ ಅವಕಾಶವನ್ನು ಶೇ 14ಕ್ಕೆ ಇಳಿಸಿ, ತಳದ ಮೂರಕ್ಕೂ ಸಮನಾಗಿ ಹಂಚಿತು. ಒಬ್ಬರೇ ಹಾಳಾಗಬೇಕಿದ್ದ ಕಡೆ ಈಗ ಮೂವರು ಹಾಳಾದರೂ ನಷ್ಟವಿಲ್ಲ. ಮೇಲೆ ದಂಡವೂ ಉಂಟು: ಆಟಗಾರರನ್ನು ಕೂರಿಸಿದ್ದಕ್ಕೆ 2023ರಲ್ಲಿ ಡಲ್ಲಾಸ್ 7.5 ಲಕ್ಷ ಡಾಲರ್ ತೆತ್ತಿತು, 2025ರಲ್ಲಿ ಯೂಟಾ 1 ಲಕ್ಷ. ಸೋಲಿ, ಬಹುಮಾನ ಕೊಡುತ್ತೇವೆ. ಆದರೆ ಸೋಲುತ್ತಿರುವುದು ನಮ್ಮ ಕಣ್ಣಿಗೆ ಬೀಳಬಾರದು.

ಯೂಟಾ ಆ ವರ್ಷ 65 ಪಂದ್ಯ ಸೋತು ಎಲ್ಲರಿಗಿಂತ ಕೆಳಗೆ ನಿಂತಿತು. ಹಾಗೆ ನಿಂತವರಿಗೆ ಮೊದಲ ಸ್ಥಾನ ಸಿಗುವ ಅವಕಾಶ ಶೇ 14, ಐದನೆಯದಕ್ಕೆ ಜಾರುವ ಅವಕಾಶ ಹತ್ತಿರ ಹತ್ತಿರ ಶೇ 48. ಸಿಕ್ಕಿದ್ದು ಐದನೆಯದೇ. ಅತ್ತ ಡಲ್ಲಾಸ್ ತನ್ನ ರತ್ನ ಲೂಕಾ ಡಾನ್ಚಿಚ್‌ನನ್ನು ಫೆಬ್ರವರಿಯಲ್ಲಿ ಕೈಯಾರೆ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟು ಊರೆಲ್ಲ ಉಗಿಸಿಕೊಂಡಿತ್ತು. 39 ಗೆದ್ದ ಆ ತಂಡಕ್ಕೆ ಸಾವಿರದಲ್ಲಿ 18 ಜೋಡಣೆ. ಬಂದದ್ದು ಆ ಹದಿನೆಂಟರಲ್ಲೊಂದು, ಆ ವರ್ಷ ಎಲ್ಲರ ಕಣ್ಣಿದ್ದ ಹುಡುಗ ಕೂಪರ್ ಫ್ಲ್ಯಾಗ್ ಅಲ್ಲಿಗೆ ಹೋದ.

ಕಾಫಿ ಹೂ ಅರಳಿಸುವ ಹೂಮಳೆ ಕಂಡ ನಮಗೆ ಇದು ಹೊಸದಲ್ಲ. ಬೇಲಿಯಾಚೆ ಒಂದು ಇಂಚು ಸುರಿದಿರುತ್ತದೆ, ಈಚೆ ಧೂಳು. ಆದರೂ ಮಳೆರಾಯನಿಗೆ ಕರುಣೆ ಹುಟ್ಟಲೆಂದು ಸ್ಪ್ರಿಂಕ್ಲರ್ ಪೈಪ್ ಮಾರಿ, ರೋಬಸ್ಟಾ ಗಿಡವನ್ನು ಒಣಗಿಸಿ ಕೂತ ಬೆಳೆಗಾರ ಕೊಡಗಿನಲ್ಲಿ ಇನ್ನೂ ಹುಟ್ಟಿಲ್ಲ.

ಕೌಟುಂಬಿಕ ಹಾಕಿಗೂ ಈ ಸುಧಾರಣೆ ತರುವುದಾದರೆ ತಯಾರಿ ಬೇಕು. ಮೊದಲ ಸುತ್ತಿನಲ್ಲಿ ಸೋತ ಒಕ್ಕಕ್ಕೆ ಪಕ್ಕದ ಒಕ್ಕದ ಸೆಂಟರ್ ಫಾರ್ವರ್ಡ್ ಎಂದಿಟ್ಟುಕೊಳ್ಳಿ. ಏಪ್ರಿಲ್ ಬಂದರೆ ಸಾಕು, ಒಳ್ಳೆಯ ಆಟಗಾರರಿಗೆಲ್ಲ ಒಟ್ಟಿಗೆ ಬೆನ್ನುನೋವು. ಒಕ್ಕದ ಹಿರಿಯರು ಗೋಲ್ ಬಿಟ್ಟ ಮೊಮ್ಮಗನ ಬೆನ್ನು ತಟ್ಟಿ, "ಭೇಷ್, ಇನ್ನೊಂದು ಬಿಡು ಮೋನೇ" ಎನ್ನಬೇಕಾಗುತ್ತದೆ.

ತೊಡಕು ಇರುವುದು ಟೋಪಿಯಲ್ಲಿ. ಅಮೆರಿಕದಲ್ಲಿ ಆಯ್ಕೆಯಾದ ಹುಡುಗ ಆರಿಸಿದ ತಂಡದ ಟೋಪಿ ತೊಟ್ಟು ಕಮಿಷನರ್ ಕೈ ಕುಲುಕುತ್ತಾನೆ, ಅಷ್ಟರಲ್ಲೇ ಅವನನ್ನು ಇನ್ನೊಬ್ಬರಿಗೆ ಮಾರಿದ್ದರೂ ಸರಿ. 2018ರಲ್ಲಿ ಇದೇ ಡಾನ್ಚಿಚ್ ಅಟ್ಲಾಂಟಾದ ಟೋಪಿ ಹಾಕಿ ನಕ್ಕಿದ್ದ, ಸೇರಿದ್ದು ಡಲ್ಲಾಸಿಗೆ. ನಮ್ಮ ಹುಡುಗನಿಗೋ ಹೆಸರಿನ ಮೊದಲೇ ಒಕ್ಕ ಅಂಟಿಕೊಂಡಿದೆ. ಒಂದೇ ರಾತ್ರಿ ಮೂರು ಕೈ ಬದಲಾದರೆ ಅವನು ಯಾವ ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ದೀಪಕ್ಕೆ ಕೈಮುಗಿಯಬೇಕು, ಆಧಾರ್ ಕಾರ್ಡ್ ತಿದ್ದಿಸುವ ಖರ್ಚು ಯಾವ ಒಕ್ಕದ್ದು?