ರಟ್ಲೆಜ್ ಬಿಚ್ಚಿಟ್ಟ ರಮ್ಮಿನ ಲೆಕ್ಕ

‘1776’ ಎಂಬ ಬ್ರಾಡ್‌ವೇ ಸಂಗೀತ ನಾಟಕದಲ್ಲಿ ನನ್ನನ್ನು ಇಂದಿಗೂ ಬಿಡದೆ ಕಾಡುವ ಹಾಡನ್ನು ಹಾಡುವವನು ಗುಲಾಮಗಿರಿಯ ಪರ ನಿಂತವನು. ಅಂಥವನ ಬಾಯಿಗೆ ಇಷ್ಟು ಬಲವಾದ ಹಾಡು ಕೊಡಬಹುದೇ ಎಂದು ಕೆಲವರಿಗೆ ಅನಿಸಬಹುದು. ಕೊಡಲೇಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಶೆರ್ಮನ್ ಎಡ್ವರ್ಡ್ಸ್ ಹಾಡು ಕಟ್ಟಿ, ಪೀಟರ್ ಸ್ಟೋನ್ ಸಂಭಾಷಣೆ ಬರೆದ ಈ ನಾಟಕ 1969ರಲ್ಲಿ ರಂಗಕ್ಕೆ ಬಂತು. ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡಿನ ಮೇಲೆ ಚರ್ಚೆ ನಡೆದಿದೆ. ಕರಡು ಬರೆದವನು ವರ್ಜೀನಿಯಾದ ಥಾಮಸ್ ಜೆಫರ್ಸನ್. ಅದರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಭಾಗವನ್ನು ತೆಗೆಯಿರಿ ಎಂದು ದಕ್ಷಿಣ ಕ್ಯಾರೊಲಿನಾದ ಎಡ್ವರ್ಡ್ ರಟ್ಲೆಜ್ ಪಟ್ಟು ಹಿಡಿಯುತ್ತಾನೆ. ಆಗ ಅವನಿಗೆ ಬರೀ 26 ವರ್ಷ. ಬಾಸ್ಟನ್‌ನ ಜಾನ್ ಆಡಮ್ಸ್ ನೀತಿ ಹೇಳಲು ಹೊರಟಾಗ ರಟ್ಲೆಜ್ ‘ಮೊಲಾಸಸ್ ಟು ರಮ್’ (ಕಾಕಂಬಿಯಿಂದ ರಮ್ಮಿಗೆ) ಹಾಡು ಶುರು ಮಾಡುತ್ತಾನೆ.

ಕೆರಿಬಿಯನ್ ದ್ವೀಪಗಳ ಕಾಕಂಬಿ ಬಾಸ್ಟನ್, ರೋಡ್ ಐಲೆಂಡ್‌ಗಳಿರುವ ಉತ್ತರದ ನ್ಯೂ ಇಂಗ್ಲೆಂಡಿನಲ್ಲಿ ರಮ್ ಆಗುತ್ತದೆ. ಆ ರಮ್ ಆಫ್ರಿಕಾದ ತೀರಕ್ಕೆ ಹೋಗಿ ಮನುಷ್ಯರನ್ನು ಕೊಳ್ಳುತ್ತದೆ. ಅವರನ್ನು ಮಾರಿದ ಹಣಕ್ಕೆ ಮತ್ತೆ ಕಾಕಂಬಿ. ಹಾಗಾದರೆ ಈ ಹಡಗುಗಳು ಯಾರವು ಎಂದು ಅವನು ಉತ್ತರದವರ ಮುಖಕ್ಕೇ ಕೇಳುತ್ತಾನೆ. ಕೇಳುವುದರಲ್ಲಿ ಸುಳ್ಳಿಲ್ಲ. ಪುಟ್ಟ ರೋಡ್ ಐಲೆಂಡ್ ಒಂದರಿಂದಲೇ ಹೊರಟ ಹಡಗುಗಳು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಹೊತ್ತು ಸಾಗಿಸಿದವು. ನಾಟಕದಲ್ಲಿ ಅದೇ ರೋಡ್ ಐಲೆಂಡಿನ ಪ್ರತಿನಿಧಿ ಹಾಪ್ಕಿನ್ಸ್ ಮಾತು ಮಾತಿಗೂ ರಮ್ ಕೇಳಿ ನಮ್ಮನ್ನು ನಗಿಸಿರುತ್ತಾನೆ. ಆ ಲೋಟದಲ್ಲಿ ಏನಿತ್ತೆಂದು ಈ ಹಾಡು ಬಂದಾಗಲೇ ತಿಳಿಯುವುದು. ನಕ್ಕಿದ್ದಕ್ಕೆ ಮೈ ಜುಮ್ಮೆನ್ನುತ್ತದೆ.

ನಯವಾಗಿ ಸಾಗುತ್ತಿದ್ದ ರಾಗ ನಡುವೆ ಒಮ್ಮೆಲೇ ಹರಾಜು ಕೂಗುವವನ ದನಿಗೆ ಹೊರಳುತ್ತದೆ. ಕಣ್ಣೆದುರಿಗೆ ಮಾರಾಟವೇ ನಡೆದಂತೆ. ದೇವರಾಣೆ, ಸಾಕು ಮಾಡಿ ಎಂದು ನ್ಯೂ ಹ್ಯಾಂಪ್‌ಶೈರ್‌ನ ಬಾರ್ಟ್ಲೆಟ್ ಅಂಗಲಾಚುತ್ತಾನೆ. ರಟ್ಲೆಜ್ ನಿಲ್ಲಿಸುವುದಿಲ್ಲ. ಬಾಸ್ಟನ್, ತನ್ನದೇ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಎರಡರಲ್ಲಿ ಹೆಚ್ಚು ನಾರುವುದು ಯಾವುದು ಎಂದು ಕೇಳಿ ಹೊರನಡೆಯುತ್ತಾನೆ. ಎದುರಾಳಿಯ ಬೂಟಾಟಿಕೆಯನ್ನು ಬಯಲಿಗೆಳೆದ ಮಾತ್ರಕ್ಕೆ ಇವನ ಪಾಪ ಎಳ್ಳಷ್ಟೂ ತೊಳೆದುಹೋಗುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ನಮಗೆ ಮುಟ್ಟಿಸುವುದೇ ಈ ಹಾಡಿನ ದೊಡ್ಡತನ.

ಹಾಡೂ ಆ ನಿರ್ಗಮನವೂ ನಾಟಕಕಾರರ ಕಲ್ಪನೆ. ಆರೋಪ ಮಾತ್ರ ಕಲ್ಪನೆಯಲ್ಲ. ದಕ್ಷಿಣ ಕ್ಯಾರೊಲಿನಾ ಮತ್ತು ಜಾರ್ಜಿಯಾಗಳ ಮನಸ್ಸು ಕಾಯಲು ಆ ಭಾಗವನ್ನು ಹೊಡೆದುಹಾಕಲಾಯಿತು, ಗುಲಾಮರನ್ನು ಸಾಗಿಸುತ್ತಿದ್ದ ಉತ್ತರದವರಿಗೂ ಅದು ಚುಚ್ಚಿರಬೇಕು ಎಂದು ಜೆಫರ್ಸನ್ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಮುಂದೆ 1787ರ ಸಂವಿಧಾನವೂ ಗುಲಾಮರ ಆಮದನ್ನು 1808ರವರೆಗೆ ನಿಷೇಧಿಸದಂತೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೈ ಕಟ್ಟಿತು.

ನನ್ನ ತಕರಾರು ಇರುವುದು ಹಾಡಿಗೆ ಸ್ವಲ್ಪ ಮೊದಲು ಬರುವ ಒಂದು ಮಾತಿನ ಬಗ್ಗೆ. ನೀನೂ ಗುಲಾಮರ ಒಡೆಯನಲ್ಲವೇ ಎಂದು ರಟ್ಲೆಜ್ ಕೇಳಿದಾಗ, ಅವರನ್ನು ಬಿಡುಗಡೆ ಮಾಡಲು ನಿರ್ಧರಿಸಿದ್ದೇನೆ ಎಂದು ಜೆಫರ್ಸನ್ ಉತ್ತರಿಸುತ್ತಾನೆ. ಅಲ್ಲಿ ನನಗೆ ಸಿಟ್ಟು ಬರುತ್ತದೆ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಆತ ಬದುಕಿದ್ದಾಗ ಬಿಡುಗಡೆ ಮಾಡಿದ್ದು ಇಬ್ಬರನ್ನು, ಉಯಿಲಿನಲ್ಲಿ ಐವರನ್ನು. ಅವನು ತೀರಿಕೊಂಡ ಮರುವರ್ಷ, 1827ರ ಜನವರಿಯಲ್ಲಿ, ಅವನ ತೋಟದ ಮನೆ ಮಾಂಟಿಸೆಲ್ಲೊದಲ್ಲಿ 130 ಜನರನ್ನು ಹರಾಜಿಗಿಟ್ಟರು. ಬಾಸ್ಟನ್‌ಗೆ ಇಷ್ಟೊಂದು ನಿಷ್ಠುರವಾಗಿ ಕನ್ನಡಿ ಹಿಡಿದ ನಾಟಕ ಜೆಫರ್ಸನ್ನನನ್ನು ಯಾಕೆ ಕಾಪಾಡಿತು? ರಟ್ಲೆಜ್‌ಗೆ ಇನ್ನೊಂದು ಚರಣ ಕೊಡಬೇಕಿತ್ತು, ವರ್ಜೀನಿಯಾದ ಬಗ್ಗೆ.