ಐ3 ಅಂದ್ರೆ ಹಾಸ್ಟೆಲ್‌ನಲ್ಲಿ ನಗ್ತಾರಂತೆ

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆ, ಅಕ್ಕನ ಮಗನ ಫೋನು. ತುಮಕೂರಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. "ಮಾವ, ಪಿಸಿ ಕಟ್ಟಿಸ್ಬೇಕು. ಅಪ್ಪ ನಲವತ್ತೈದು ಸಾವಿರದ ಮೇಲೆ ಒಂದು ರೂಪಾಯಿ ಬಿಚ್ಚಲ್ಲ ಅಂದಿದಾರೆ. ರೈಜನ್ 5 5600ಜಿ ತಗೊಳ್ಳಲೋ, ಐ3-12100ಎಫ್ ತಗೊಳ್ಳಲೋ?" ಅಂದ. ಎರಡೂ ಪ್ರೊಸೆಸರ್, ಅಂದ್ರೆ ಪಿಸಿಯ ಮೆದುಳು; ಮೊದಲನೇದು ಎಎಮ್‌ಡಿ ಕಂಪನಿಯದು, ಎರಡನೇದು ಇಂಟೆಲ್‌ನದು. ಮಾನಿಟರ್ ಹಳೇದು ಮನೇಲಿದೆ. ನಾನು ಬಾಯಿ ತೆಗೆಯೋ ಮೊದಲೇ ಇನ್ನೊಂದು ಸೇರಿಸಿದ: "ಆದ್ರೆ ಐ3 ಅಂದ್ರೆ ಹಾಸ್ಟೆಲ್‌ನಲ್ಲಿ ನಗ್ತಾರೆ ಮಾವ."

ಆ ಕೊನೇ ಮಾತಿಗೇ ಇಷ್ಟುದ್ದ ಬರೀತಿದೀನಿ. ಪ್ರಶ್ನೆಗೆ ಉತ್ತರ ಎರಡು ಸಾಲಲ್ಲಿ ಮುಗೀತಿತ್ತು.

ಮೊದಲು ಮರ್ಯಾದೆ ವಿಷಯ. ಇಂಟೆಲ್‌ನ ಐ3, ಐ5, ಐ7 ಸಾಲಿನಲ್ಲಿ ಐ3 ಕೆಳಗಿನ ಮೆಟ್ಟಿಲು, ನಗೋದು ಅದಕ್ಕೆ. 2017ರ ಜನವರಿಯಲ್ಲಿ ಇಂಟೆಲ್‌ನವರು ಐ7-7700ಕೆ ಅಂತ ಒಂದು ಪ್ರೊಸೆಸರ್ ಬಿಟ್ಟರು. ನಾಲ್ಕು ಕೋರ್, ಎಂಟು ಥ್ರೆಡ್. ಕೋರ್ ಅಂದ್ರೆ ಒಳಗೆ ದುಡಿಯೋ ಆಳು, ಥ್ರೆಡ್ ಅಂದ್ರೆ ಆ ಆಳುಗಳು ಒಟ್ಟಿಗೆ ಹಿಡಿಯಬಲ್ಲ ಕೆಲಸದ ಸಾಲು. ಅಮೆರಿಕದಲ್ಲಿ ಆ ಐ7ನ ಬೆಲೆ 339 ಡಾಲರ್. ಆಗ ಅದನ್ನು ಇಟ್ಟುಕೊಂಡವರು ನಮ್ಮ ಆಫೀಸಲ್ಲಿ ಬುಲೆಟ್ ಓಡಿಸೋರ ಥರ ಓಡಾಡ್ತಿದ್ರು. 2022ರ ಜನವರಿಯಲ್ಲಿ ಅದೇ ಇಂಟೆಲ್ 12100ಎಫ್ ಬಿಟ್ಟಾಗ ಅದರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಬೆಲೆ ಮಾತ್ರ 97 ಡಾಲರ್. ಗಿಗಾಹರ್ಟ್ಜ್ (ಬಡಿತದ ವೇಗ) ಲೆಕ್ಕದಲ್ಲಿ 4.3, ಹಳೇ ಐ7ಗಿಂತ ಒಂದು ಚಿಟಿಕೆ ಕಮ್ಮಿ. ಆದರೆ ಒಂದೊಂದು ಕೋರೂ ಒಂದೊಂದು ಬಡಿತದಲ್ಲಿ ಮಾಡುವ ಕೆಲಸ ಎಷ್ಟೋ ಜಾಸ್ತಿ, ಹಾಗಾಗಿ ಆ ಐ7 ಇದರ ಮುಂದೆ ನಿಲ್ಲಲ್ಲ. ಐದು ವರ್ಷದಲ್ಲಿ ಅರಮನೆಯ ಆನೆ ಬಂದು ನಮ್ಮ ಹಿತ್ತಲಲ್ಲಿ ನಿಂತಿದೆ, ಹುಡುಗರು ಹಣೆಯ ಮೇಲಿನ ನಾಮ ನೋಡಿ ನಗ್ತಿದಾರೆ. 7700ಕೆ ಬಂದ ಕಾಲದ ಐ3ಯಲ್ಲಿ ಇದ್ದದ್ದು ಎರಡೇ ಕೋರ್ ಅನ್ನೋದೂ ನಿಜ. ಹಳೇ ಕೆಟ್ಟ ಹೆಸರು ಸುಮ್ಮನೆ ಬಂದಿದ್ದಲ್ಲ, ಹೋಗೋಕೆ ಸ್ವಲ್ಪ ಟೈಮ್ ತಗೊಳುತ್ತೆ.

ಈ ಆನೆ ಹಿತ್ತಲಿಗೆ ಬಂದದ್ದಕ್ಕೆ ಎಎಮ್‌ಡಿಯವರಿಗೂ ಒಂದು ನಮಸ್ಕಾರ ಹಾಕಬೇಕು. 2017ರ ಮಾರ್ಚ್‌ನಲ್ಲಿ ಮೊದಲ ರೈಜನ್ ಎಂಟು ಕೋರ್ ಹೊತ್ತು ಬರದೇ ಇದ್ದಿದ್ರೆ ಇಂಟೆಲ್ ಇನ್ನೂ ಎಷ್ಟು ವರ್ಷ ನಾಲ್ಕು ಕೋರನ್ನೇ ಅರೆದು ಅರೆದು ಬಡಿಸ್ತಿತ್ತೋ.

ಈಗ ಎರಡನ್ನೂ ಪಕ್ಕಪಕ್ಕ ಇಡೋಣ. 5600ಜಿ 2021ರ ಆಗಸ್ಟ್‌ನಲ್ಲಿ ಅಂಗಡಿಗೆ ಬಂದದ್ದು. ಆರು ಕೋರ್, ಹನ್ನೆರಡು ಥ್ರೆಡ್, 4.4 ಗಿಗಾಹರ್ಟ್ಜ್‌ವರೆಗೆ ಹೋಗುತ್ತೆ, ಪರದೆಗೆ ಚಿತ್ರ ಮೂಡಿಸೋ ವೇಗಾ ಗ್ರಾಫಿಕ್ಸ್ ಒಳಗೇ ಇದೆ. 12100ಎಫ್‌ನಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಆ 'ಎಫ್' ಅಕ್ಷರದ ಅರ್ಥವೇ ಅದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಪರದೆ ಕತ್ತಲು. ಇದು ಗೊತ್ತಿಲ್ಲದೆ ಎಫ್ ತಗೊಂಡು, ಕೇಬಲ್ಲನ್ನು ಮದರ್‌ಬೋರ್ಡ್‌ಗೆ ಸಿಗಿಸಿ, "ಬೋರ್ಡ್ ಸತ್ತಿದೆ" ಅಂತ ಅಂಗಡಿಗೆ ಹೋಗಿ ಜಗಳ ಆಡಿದವರನ್ನು ನಾನೇ ನೋಡಿದ್ದೀನಿ.

ಕೋರ್ ಎಣಿಸಿದರೆ ರೈಜನ್ ಗೆದ್ದಂಗೆ ಕಾಣುತ್ತೆ. ಸಿನಿಬೆಂಚ್ ಆರ್23 ಅನ್ನೋ ವೇಗದ ಪರೀಕ್ಷೆ ಓಡಿಸಿದರೆ ಎಲ್ಲ ಕೋರೂ ಸೇರಿ 5600ಜಿ 11 ಸಾವಿರ ಅಂಕದ ಹತ್ತಿರ ಬರುತ್ತೆ, 12100ಎಫ್ 8 ಸಾವಿರ ಚಿಲ್ಲರೆಗೆ ನಿಲ್ಲುತ್ತೆ. ಒಂದೇ ಕೋರ್ ಓಡಿಸಿದರೆ ಆಟ ತಿರುಗುತ್ತೆ: ಐ3 ಮುಂದೆ, ರೈಜನ್ ಹಿಂದೆ. ನಮ್ಮ ದಿನನಿತ್ಯದ ಕೆಲಸ ಯಾವುದು ಹೇಳಿ. ಕ್ರೋಮ್ ತೆರೆಯೋದು, ಎಕ್ಸೆಲ್‌ನಲ್ಲಿ ಹಾಳೆ ತಿರುವೋದು, ಟ್ಯಾಲಿ, ನುಡಿಯಲ್ಲಿ ಟೈಪಿಂಗ್, ಕಾಲೇಜಿನ ಸಿ ಪ್ರೋಗ್ರಾಮು. ಇವೆಲ್ಲ ಬಹುಪಾಲು ಒಂದೆರಡು ಕೋರ್ ಎಷ್ಟು ಚುರುಕು ಅನ್ನೋದರ ಮೇಲೆ ನಿಂತಿರೋ ಕೆಲಸ. ಹನ್ನೆರಡು ಥ್ರೆಡ್‌ಗೂ ಕೆಲಸ ಸಿಗೋದು ವಿಡಿಯೊ ರೆಂಡರ್ ಮಾಡುವಾಗ, ದೊಡ್ಡ ಕೋಡ್ ಕಂಪೈಲ್ ಮಾಡುವಾಗ, ಎರಡು ವರ್ಚುವಲ್ ಮಷಿನ್ ಒಟ್ಟಿಗೆ ಓಡಿಸುವಾಗ. ನಿಜ ಹೇಳಬೇಕಂದ್ರೆ ಟೈಪಿಂಗು, ಟ್ಯಾಲಿ ಮಟ್ಟಕ್ಕೆ ಇವೆರಡರಲ್ಲಿ ವ್ಯತ್ಯಾಸ ಕಂಡುಹಿಡಿಯೋಕೆ ಭೂತಗನ್ನಡಿ ಬೇಕು. ಅಲ್ಲಿ ವ್ಯತ್ಯಾಸ ಮಾಡೋದು ಹಾರ್ಡ್ ಡಿಸ್ಕ್ ಬದಲು ಹಾಕೋ ವೇಗದ ಎಸ್‌ಎಸ್‌ಡಿ. ಹಳೇ ಹಾರ್ಡ್ ಡಿಸ್ಕ್ ಉಳಿಸಿಕೊಂಡು ಹೊಸ ಪ್ರೊಸೆಸರ್ ಹಾಕಿಸೋದು ಹೊಸ ಇಂಜಿನ್ ಕೂರಿಸಿ ಎತ್ತಿನಗಾಡಿ ಚಕ್ರ ಹಾಕಿದ ಹಾಗೆ.

ಗೇಮಿಗೆ ಬಂದರೆ ಕಾರ್ಡ್ ಹಾಕಿದ ಮೇಲೆ 12100ಎಫ್ ಬಹಳ ಆಟಗಳಲ್ಲಿ 5600ಜಿಗಿಂತ ಮುಂದೆ. ಆರು ಕೋರ್ ಇದ್ದೂ ಹೇಗೆ ಹಿಂದೆ ಅಂತ ಕೇಳ್ತಾರೆ. ಐ3ಯ ಒಂದೊಂದು ಕೋರೂ ಹೆಚ್ಚು ಚುರುಕು ಅನ್ನೋದು ಮೊದಲ ಕಾರಣ. ಜೊತೆಗೆ 5600ಜಿಯನ್ನು ಮೂಲತಃ ಲ್ಯಾಪ್‌ಟಾಪ್‌ಗೆ ಮಾಡಿದ ಚಿಪ್ಪಿನಿಂದ ತಂದಿದ್ದಾರೆ. ಗ್ರಾಫಿಕ್ಸ್‌ಗೆ ಜಾಗ ಬಿಡಬೇಕಲ್ಲ, ಎಲ್3 ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ವೇಗದ ಮೆಮೊರಿ) 16 ಎಂಬಿಗೆ ಇಳೀತು. ಇದರ ಅಣ್ಣ, 'ಜಿ' ಇಲ್ಲದ ರೈಜನ್ 5 5600ಗೆ 32 ಎಂಬಿ ಇದೆ. ಆಟಗಳು ಕ್ಯಾಶ್‌ಗೆ ಬಾಯಿ ಬಿಡೋ ಜಾತಿ. ಹೆಸರಲ್ಲಿ ಒಂದಕ್ಷರ ವ್ಯತ್ಯಾಸ, ಒಳಗೆ ಬೇರೆ ಚಿಪ್ಪು. ಅಂಗಡಿಯಲ್ಲಿ "5600 ಕೊಡಿ" ಅಂದಾಗ ಯಾವುದು ಕೈಗೆ ಬರ್ತಿದೆ ಅಂತ ಡಬ್ಬಿ ಓದಿ.

ಹಾಗಾದ್ರೆ ನನ್ನ ಮನೇಲಿ ಯಾಕೆ 5600ಜಿ ಇದೆ? ಅದೊಂದು ಕಥೆ.

2022ರಲ್ಲಿ ಕಾರ್ಡ್‌ಗಳ ಬೆಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಸದ್ಯಕ್ಕೆ 5600ಜಿ ಇರಲಿ, ದೀಪಾವಳಿಗೆ ಕಾರ್ಡ್ ಹಾಕಿಸ್ತೀನಿ" ಅಂತ ಮನೇಲಿ ಹೇಳಿ ಎಸ್‌ಪಿ ರಸ್ತೆಗೆ ಹೋದೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ ಗೊತ್ತಲ್ಲ, ಎರಡು ಜನ ಎದುರುಬದುರು ಬಂದರೆ ಒಬ್ಬ ಪಕ್ಕದ ಅಂಗಡಿಯೊಳಗೆ ಹತ್ತಬೇಕು. ಅಲ್ಲೊಂದು ಅಂಗಡಿಯಲ್ಲಿ ಕಟ್ಟಿಸಿಕೊಂಡು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಜಿಟಿಎ 5 ಆಟ ಹಾಕಿದರೆ ಕುಂಟುತ್ತೆ. 1080ಪಿ, ಸೆಟ್ಟಿಂಗ್ ಎಲ್ಲ ಕೆಳಗೆ, ಆದರೂ ಸೆಕೆಂಡಿಗೆ ನಲವತ್ತು ಫ್ರೇಮ್ (ಚಿತ್ರ) ದಾಟಲ್ಲ. ಮಗ ಮುಖ ನೋಡಿದ, ಹೆಂಡತಿ ಬಿಲ್ಲು ನೋಡಿದಳು. ಎರಡು ದಿನ ಡ್ರೈವರ್ ಹಾಕಿದೆ, ತೆಗೆದೆ, ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದೆ. ಮೂರನೇ ದಿನ ಪಕ್ಕದ ಮುಚ್ಚಳ ಬಿಚ್ಚಿ ನೋಡಿದರೆ ಒಂದೇ ಒಂದು 16 ಜಿಬಿ ರ‍್ಯಾಮ್ ಕಡ್ಡಿ. ನಾನು ಕೇಳಿದ್ದು 8ರದ್ದು ಎರಡು. ಅಂಗಡಿಯವನಿಗೆ ಫೋನ್ ಮಾಡಿದರೆ "ಎರಡೂ ಒಂದೇ ಸಾರ್, ಟೋಟಲ್ 16 ಅಲ್ವಾ" ಅಂದ.

ಒಂದೇ ಅಲ್ಲ. ಕಾರ್ಡ್‌ಗೆ ತನ್ನದೇ ಮೆಮೊರಿ ಇರುತ್ತೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಂಡು ಕುಡೀಬೇಕು. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತೆ, ಎರಡು ಕಡ್ಡಿ ಹಾಕಿದರೆ 51.2. ಹೋಲಿಕೆಗೆ, ಜಿಟಿಎಕ್ಸ್ 1650ರಂಥ ಬಡಪಾಯಿ ಕಾರ್ಡ್‌ಗೂ ಮೊದಲ ಮಾದರಿಯಲ್ಲೇ ಸೆಕೆಂಡಿಗೆ 128 ಜಿಬಿ ಸಾಗಿಸೋ ತಾಕತ್ತು ಇತ್ತು. ಅಂದರೆ ವೇಗಾ ಗ್ರಾಫಿಕ್ಸ್ ಮೊದಲೇ ಬಾಯಾರಿ ಕೂತಿರುತ್ತೆ, ನೀವು ಎರಡು ನಲ್ಲಿಯಲ್ಲಿ ಒಂದನ್ನು ಬಂದ್ ಮಾಡಿಬಿಟ್ರಿ. ಕಡ್ಡಿ ವಾಪಸ್ ಕೊಟ್ಟು 8ರದ್ದು ಎರಡು ತಂದು ಹಾಕಿದೆ. ಅದೇ ಆಟ, ಅದೇ ಸೆಟ್ಟಿಂಗು, ಅರವತ್ತರ ಆಸುಪಾಸಿಗೆ ಬಂತು. ಅದರಲ್ಲೂ ಗ್ರಾಫಿಕ್ಸ್ ತನ್ನ ಪಾಲು ಅಂತ ಒಂದೆರಡು ಜಿಬಿ ಎತ್ತಿಟ್ಟುಕೊಳ್ಳೋದರಿಂದ ಒಟ್ಟು 8 ಜಿಬಿಯಲ್ಲಿ 5600ಜಿ ಕಟ್ಟಿಸೋದು ಬೇಡವೇ ಬೇಡ. ರ‍್ಯಾಮ್ ಬೆಲೆ ಈಗ ಏರಿ ಕೂತಿದೆ, ಹೊಟ್ಟೆ ಉರಿಯುತ್ತೆ, ಆದರೂ.

ಮತ್ತೆ ಆ ದೀಪಾವಳಿ ಕಾರ್ಡು? ಎಷ್ಟೋ ದೀಪಾವಳಿ ಬಂದುಹೋದವು. ಒಂದ್ಸಲ ಸ್ಕೂಲ್ ಫೀಸು, ಒಂದ್ಸಲ ಗಾಡಿ ಟಯರು, ಒಂದ್ಸಲ ನನಗೇ ಆಸೆ ಇಂಗಿತ್ತು. 5600ಜಿ ಮಾತ್ರ ಯಾವ ತಕರಾರೂ ಇಲ್ಲದೆ ಹೆಂಡತಿಯ ಟ್ಯಾಲಿ, ಮಗನ ವ್ಯಾಲರಂಟ್, ನನ್ನ ಈ ಪುರಾಣ ಎಲ್ಲ ಹೊತ್ತುಕೊಂಡು ಹೋಗ್ತಿದೆ. ವ್ಯಾಲರಂಟ್ ಅದರಲ್ಲಿ ನೂರು ಫ್ರೇಮಿನ ಮೇಲೆ ಓಡುತ್ತೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: 'ಕಾರ್ಡ್ ಆಮೇಲೆ' ಅನ್ನೋದನ್ನು 'ಕಾರ್ಡ್ ಇಲ್ಲ' ಅಂತಲೇ ಓದಿ. ಕಾರ್ಡ್ ಇಲ್ಲದ ಮನೆಗೆ 5600ಜಿ, ಅದಕ್ಕೆ ಎರಡನೇ ಮಾತಿಲ್ಲ. ಪ್ರೊಸೆಸರ್ ತರುವ ದಿನವೇ ಕಾರ್ಡೂ ಬರುತ್ತೆ ಅಂದರೆ 12100ಎಫ್. ಅದರ ಬೆಲೆ ಕಮ್ಮಿ ಇರೋದರಿಂದ ಉಳಿದ ದುಡ್ಡು ಕಾರ್ಡ್ ಕಡೆ ಹೋಗಲಿ, ಗೇಮಿನಲ್ಲಿ ಬೆಲೆ ಬರೋದು ಅಲ್ಲೇ. ಇನ್ನೊಂದಿಷ್ಟು ಸಾವಿರ ಸೇರಿಸೋಕೆ ಆದರೆ ಆ ಅಣ್ಣ 5600 ಇದಾನಲ್ಲ, ಕಾರ್ಡ್ ಹಾಕೋ ಮನೆಗೆ ಅವನು ಇಬ್ಬರಿಗಿಂತ ಒಳ್ಳೆಯವನು. ಈಚಿನ ದೊಡ್ಡ ಆಟಗಳಲ್ಲಿ ನಾಲ್ಕು ಕೋರ್ ಉಸಿರು ಕಟ್ಟೋದೂ ಇದೆ. ಸರಾಸರಿ ಫ್ರೇಮ್ ಚೆನ್ನಾಗಿರುತ್ತೆ, ಜನ ತುಂಬಿದ ಬೀದಿಗೆ ಬಂದಾಗ ಮಧ್ಯೆ ಮಧ್ಯೆ ಒಂದೊಂದು ಜರ್ಕು. ಹಿಂದೆ ರೆಕಾರ್ಡಿಂಗೋ ಕ್ರೋಮೋ ಡಿಸ್ಕಾರ್ಡೋ ತೆರೆದಿಟ್ಟರೆ ಇನ್ನೂ ಜಾಸ್ತಿ. ಇದನ್ನು ಮುಚ್ಚಿಟ್ಟು ಐ3 ಹೊಗಳೋದು ನ್ಯಾಯ ಅಲ್ಲ.

5600ಜಿ ತಗೊಂಡು ಆಮೇಲೆ ನಿಜವಾಗಲೂ ಕಾರ್ಡ್ ಹಾಕಿಸೋರಿಗೆ ಒಂದು ಗುಂಡಿ ಇದೆ, ಅದನ್ನೂ ತೋರಿಸಿಬಿಡ್ತೀನಿ. ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿಗೆ ಪಿಸಿಐಇ ಅಂತಾರೆ; ಈ ಚಿಪ್ಪಿನಲ್ಲಿ ಇರೋದು ಪಿಸಿಐಇ 3.0, ಹೊಸದಾದ 4.0 ಅಲ್ಲ. ಎಎಮ್‌ಡಿಯವರದೇ ಆರ್‌ಎಕ್ಸ್ 6500 ಎಕ್ಸ್‌ಟಿ ಅನ್ನೋ ಅಗ್ಗದ ಕಾರ್ಡ್ ನಾಲ್ಕೇ ಲೇನಿನದು, 4.0ಗೆ ಲೆಕ್ಕ ಹಾಕಿ ಮಾಡಿದ್ದು. 3.0ಗೆ ಸಿಗಿಸಿದರೆ ದಾರಿ ಅರ್ಧ. ಅದರ ಮೆಮೊರಿ ಬೇರೆ 4 ಜಿಬಿ, ತುಂಬಿದ ಕೂಡಲೇ ಆ ಇಕ್ಕಟ್ಟಿನ ದಾರಿಯಲ್ಲೇ ರ‍್ಯಾಮಿಗೆ ಓಡಾಡಬೇಕು, ಆಟ ಮುಗ್ಗರಿಸುತ್ತೆ. ಅದೇ ಕಾರ್ಡ್ 12100ಎಫ್ ಜೊತೆ 4.0 ದಾರಿಯಲ್ಲಿ ಸರಿಯಾಗಿ ಓಡುತ್ತೆ. ಒಂದೇ ಕಂಪನಿಯ ಪ್ರೊಸೆಸರು, ಕಾರ್ಡು, ಜಾತಕ ಕೂಡಲ್ಲ! ಗೆಳೆಯನೊಬ್ಬ ಸ್ಟುಡಿಯೋ ಪಿಸಿಗೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಇದನ್ನೇ ತರೋಕೆ ಹೊರಟಿದ್ದ, ಇನ್ನೊಂದು ವಿಷಯ ಹೇಳಿ ನಿಲ್ಲಿಸಿದೆ. ಅದರಲ್ಲಿ ವಿಡಿಯೊ ಕುಗ್ಗಿಸಿ ಉಳಿಸೋ ಎನ್‌ಕೋಡರ್ ಕೂಡ ಇಲ್ಲ. ಮದುವೆ ವಿಡಿಯೊ ಮಾಡೋ ಮನುಷ್ಯ ಅವನು.

ಕರೆಂಟಿನ ಲೆಕ್ಕ ಕೇಳೋರೂ ಇದಾರೆ, ಊರ ಕಡೆ ಯುಪಿಎಸ್ ಮೇಲೆ ಓಡಿಸಬೇಕಲ್ಲ. ಕಂಪನಿಯವರ ಲೆಕ್ಕದಲ್ಲಿ ಐ3ಗೆ 58 ವ್ಯಾಟ್, ರೈಜನ್ನಿಗೆ 65 ಅಂತಿದೆ. ಪೂರ್ತಿ ದುಡಿಸಿದಾಗ ಐ3 ಎಳೆಯೋಕೆ ಇಂಟೆಲ್ ಕೊಟ್ಟ ಮಿತಿ 89, ಎಎಮ್‌ಡಿಯದು 88. ಆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜೊತೆಗೆ ಬರೋ ಫ್ಯಾನ್ ಎರಡಕ್ಕೂ ಸಾಕು.

ಮುಂದೆ ಪ್ರೊಸೆಸರ್ ಬದಲಿಸೋ ವಿಚಾರ ಹೇಳಿ ಮುಗಿಸ್ತೀನಿ. ಎರಡರ ಸಾಕೆಟ್ಟೂ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) ಕೊನೇ ಸ್ಟಾಪಿಗೆ ಬಂದಿವೆ, ಹೊಸ ತಲೆಮಾರು ಅಲ್ಲಿ ಕೂರಲ್ಲ. 5600ಜಿ ಕೂರೋ ಎಎಮ್4 ಬೋರ್ಡಲ್ಲಿ ಮುಂದೆ ಎಂಟು ಕೋರಿನ 5700ಎಕ್ಸ್ ಥರದ್ದು ಕೂರಿಸಬಹುದು. ಐ3 ಬೋರ್ಡಲ್ಲಿ 13, 14ನೇ ತಲೆಮಾರಿನವೂ ಕೂರುತ್ತವೆ, ಬಯಾಸ್ ಅಪ್‌ಡೇಟ್ ಮಾಡಿದರೆ. ನನ್ನ ಆಯ್ಕೆ ಆದರೆ ಸೆಕೆಂಡ್‌ಹ್ಯಾಂಡ್ ಐ5-12400ಎಫ್ ಹಾಕಿ ಸುಮ್ಮನಿರ್ತಿದ್ದೆ. 13-14ರ ದೊಡ್ಡ ಚಿಪ್ಪುಗಳು ಕೆಡೋ ರಗಳೆ 12ನೆಯದಕ್ಕೆ ಇಲ್ಲ.

ಇಷ್ಟೆಲ್ಲ ಹೇಳಿ ಅಳಿಯನ್ನ ಕೇಳಿದೆ, "ಕಾರ್ಡು ಅವತ್ತೇ ತಗೋತೀಯೇನೋ?"

"ಅವತ್ತೇ ಮಾವ. ಸೀನಿಯರ್ ಒಬ್ರು ಆರ್‌ಎಕ್ಸ್ 6600 ಮಾರ್ತಿದಾರೆ, ಮಾತಾಡಿಟ್ಟಿದೀನಿ."

"ಓಡಿಸಿ ನೋಡಿ ದುಡ್ಡು ಕೊಡು. ಹಾಗಾದ್ರೆ ಐ3 ತಗೋ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆತ್ತಗೆ ಕೇಳಿದ, "ಮಾವ, ಕ್ಯಾಬಿನೆಟ್ ಮೇಲೆ ಐ3 ಅಂತ ಸ್ಟಿಕ್ಕರ್ ಅಂಟಿಸ್ಲೇಬೇಕಾ?"